ಎಲ್ಲರೂ ಸೇರಿ ಬರೆದ ಕಾರ್ಖಾನೆ

ಉಜ್ವಲಾ ಇನ್ನೂ ಶಾಲೆಗೆ ಹೋಗುತ್ತಿದ್ದ ಕಾಲದಲ್ಲಿ, ಬಸವಕಲ್ಯಾಣದ ಒಂದು ಲಾರಿ ಬಾಡಿ ಕಟ್ಟುವ ಕಾರ್ಖಾನೆಯ ಗೇಟಿನ ಮುಂದೆ ಅವಳ ಅಪ್ಪನನ್ನು ನಿಲ್ಲಿಸಿ ತಪ್ಪಾಯಿತೆಂದು ಹೇಳಿಸಿದರು. ಅಪ್ಪನ ಹೆಸರು ವೈಜಿನಾಥ. ಲಾರಿಗಳ ಮೈಗೆ ಬಣ್ಣ ಹಚ್ಚಿ, ಬಾಗಿಲ ಮೇಲೆ ನವಿಲು, ಹಿಂಬದಿಯ ಹಲಗೆಯ ಮೇಲೆ ಹುಲಿ, ಹಣೆಯ ಮೇಲೆ ಮಾಲೀಕರ ಮಕ್ಕಳ ಹೆಸರು ಬರೆಯುವುದು ಅವನ ಕೆಲಸ. ಅವತ್ತು ಅವನ ಬಲಗೈಗೆ ಬಟ್ಟೆ ಸುತ್ತಿದ್ದರು. ಒಳಗಿನ ಸುಟ್ಟ ಗಾಯ ಒಸರಿ ಬಟ್ಟೆ ಹಳದಿಯಾಗಿತ್ತು. ಅವನ ಜೊತೆ ವರ್ಷಗಟ್ಟಲೆ ದುಡಿದವರೆಲ್ಲ ಸಾಲಾಗಿ ನಿಂತು ನೋಡುತ್ತಿದ್ದರು. ಒಬ್ಬರೂ ತುಟಿ ಬಿಚ್ಚಲಿಲ್ಲ.

ಅವ್ವನ ಕೈ ಹಿಡಿದು ಗೇಟಿನಾಚೆ ನಿಂತಿದ್ದ ಹುಡುಗಿಗೆ ಆ ದಿನದ ಅಪ್ಪನ ಮುಖ ಈಗ ಸರಿಯಾಗಿ ನೆನಪಿಲ್ಲ. ನೆನಪಿರುವುದು ಅಪ್ಪನ ಎದುರು ಸೊಂಟದ ಮೇಲೆ ಕೈ ಇಟ್ಟು ನಿಂತವನ ಮುಖ. ಅವನು ಮಚ್ಚೇಂದ್ರ, ಕಾರ್ಖಾನೆಯ ಮ್ಯಾನೇಜರ್.

"ಜೋರಾಗಿ ಹೇಳೋ. ಸೇಠರಿಗೆ ಕೇಳ್ಸಬೇಕು" ಎಂದಿದ್ದ ಅವನು.

ಎರಡು ದಿನ ಮೊದಲು ಬಣ್ಣದ ಶೆಡ್ಡಿಗೆ ಬೆಂಕಿ ಬಿದ್ದಿತ್ತು. ಹೊಸದಾಗಿ ಕಟ್ಟಿದ ಲಾರಿಯೊಂದು ಪೂರ್ತಿ ಸುಟ್ಟುಹೋಯಿತು. ಬಣ್ಣಕ್ಕೆ ಬೆರೆಸುವ, ಕಿಡಿ ತಾಗಿದರೆ ಹತ್ತಿಕೊಳ್ಳುವ ಥಿನ್ನರ್ ಡಬ್ಬಿಗಳನ್ನು ಹೊರಗೆಳೆದು ಹಾಕಲು ಹೋಗಿ ವೈಜಿನಾಥ ಕೈ ಸುಟ್ಟುಕೊಂಡ. ಅವನು ಎಳೆದು ಹಾಕದೇ ಇದ್ದರೆ ಪಕ್ಕದ ಶೆಡ್ಡಿನಲ್ಲಿದ್ದವರೂ ಉಳಿಯುತ್ತಿರಲಿಲ್ಲ. ಆದರೆ ಮ್ಯಾನೇಜರ್ ಹೋಗಿ ಮಾಲೀಕ ಮೊಹಿನುದ್ದೀನ್ ಸೇಠರಿಗೆ ಹೇಳಿದ್ದೇ ಬೇರೆ: ವೈಜಿನಾಥ ಶೆಡ್ಡಿನೊಳಗೆ ಬೀಡಿ ಹಚ್ಚಿದ, ಕಿಡಿ ಥಿನ್ನರಿಗೆ ಬಿತ್ತು. ವೈಜಿನಾಥ ಬೀಡಿ ಸೇದುತ್ತಿದ್ದದ್ದು ಎಲ್ಲರಿಗೂ ಗೊತ್ತಿತ್ತು. ಗೇಟು ದಾಟಿ, ಬೇವಿನ ಮರದ ಕೆಳಗೆ ಕೂತು ಸೇದುತ್ತಿದ್ದ ಎಂಬುದೂ ಗೊತ್ತಿತ್ತು. ಮೊದಲನೆಯದನ್ನಷ್ಟೇ ಎಲ್ಲರೂ ನೆನಪಿಟ್ಟುಕೊಂಡರು. ಅವನು ಬೀಡಿ ಹಚ್ಚಿದ್ದನ್ನು ನಾನು ಕಂಡೆ ಎಂದು ಸಾಕ್ಷಿ ಹೇಳಿದವನು ಅವನ ಜೊತೆಯಲ್ಲೇ ಊಟಕ್ಕೆ ಕೂರುತ್ತಿದ್ದ ವೆಲ್ಡರ್ ಸಾಜಿದ.

ಆ ಮೇಲೆ ಹೆದ್ದಾರಿಯುದ್ದಕ್ಕೂ ಇರುವ ಬಾಡಿ ಕಾರ್ಖಾನೆಗಳಲ್ಲಿ ವೈಜಿನಾಥನ ಕೈಗೆ ಯಾರೂ ಬ್ರಷ್ ಕೊಡಲಿಲ್ಲ. 'ಬೆಂಕಿ ವೈಜ್ಯಾ' ಎಂದು ಹೆಸರು ಬಿತ್ತು. ಗಂಡ ಹೆಂಡತಿ ಮಗಳನ್ನು ಕರೆದುಕೊಂಡು ಹುಮನಾಬಾದಿಗೆ ಬಂದರು. ಅವ್ವ ಗಯಾಬಾಯಿ ಘಾಟಬೋರಾಳದವಳು, ಗಟ್ಟಿ ಹೆಣ್ಣು. ಬಸ್‌ಸ್ಟ್ಯಾಂಡಿನ ಹತ್ತಿರ ಒಂದು ಖೋಲಿ ಹಿಡಿದು ಖಾನಾವಳಿಗಳಿಗೆ ಜೋಳದ ರೊಟ್ಟಿ ಬಡಿದು ಕೊಡತೊಡಗಿದಳು. ವೈಜಿನಾಥ ಎಡಗೈಯಲ್ಲಿ ಬರೆಯುವುದನ್ನು ಕಲಿತು ಅಂಗಡಿಗಳ ಬೋರ್ಡು ಬರೆದ. ಆಮೇಲೆ ಫ್ಲೆಕ್ಸ್ ಬಂತು, ಬೋರ್ಡು ಬರೆಸುವವರು ಇಲ್ಲವಾದರು. ಕೊನೆಗೆ ಹೆದ್ದಾರಿಯ ಬದಿಯಲ್ಲಿ ಲಾರಿಗಳಿಗೆ ಕಟ್ಟುವ ಕರಿ ಗೊಂಡೆ, ಕನ್ನಡಿ, ಸ್ಟಿಕ್ಕರು, ಗಾಳಿಗೆ ಕುಣಿಯುವ ರಿಬ್ಬನ್ನು ಮಾರುವ ಒಂದು ಡಬ್ಬಾ ಅಂಗಡಿ ಇಟ್ಟುಕೊಂಡ. ತಾನು ಬಣ್ಣ ಹಚ್ಚಬೇಕಾಗಿದ್ದ ಲಾರಿಗಳಿಗೆ ಗೊಂಡೆ ಮಾರಿಕೊಂಡು ಬದುಕಿದ. ಬೆಂಕಿಯ ಸುದ್ದಿಯನ್ನು ಅವನು ಮನೆಯಲ್ಲಿ ಎಂದೂ ಎತ್ತಲಿಲ್ಲ. ಅಪ್ಪ ಮರೆತಿದ್ದಾನೆ, ಕ್ಷಮಿಸಿದ್ದಾನೆ ಎಂದೇ ಉಜ್ವಲಾ ತಿಳಿದಿದ್ದಳು. ಆ ಕ್ಷಮೆ ಅವಳಿಗೆ ಸಹಿಸಲಾಗುತ್ತಿರಲಿಲ್ಲ. ಅಪ್ಪನ ಪಾಲಿನ ಸಿಟ್ಟನ್ನೂ ತಾನೇ ಹೊತ್ತುಕೊಂಡಂತೆ ಬೆಳೆದಳು.

ಹುಮನಾಬಾದಿನಲ್ಲಿ ಪದವಿ ಮುಗಿಸಿ ಕಲಬುರಗಿಗೆ ಹೋಗಿ ಓದಿದಳು. ಅಲ್ಲೇ ವಿದ್ಯಾವತಿ ಎಂಬ ಹಿರಿಯ ಹೆಂಗಸು ನಡೆಸುತ್ತಿದ್ದ ಚಿಕ್ಕ ಸಂಸ್ಥೆಯಲ್ಲಿ ಕೆಲಸ ಸಿಕ್ಕಿತು. ಆ ಕೆಲಸ ಏನೆಂದು ಅವ್ವನಿಗೆ ತಿಳಿಸಿ ಹೇಳಲು ಅವಳಿಗೆ ಬಹಳ ದಿನ ಆಗಲೇ ಇಲ್ಲ. ಬೇಳೆ ಗಿರಣಿ ಇರಲಿ, ಹಾಲಿನ ಸಂಘ ಇರಲಿ, ಹಾಸ್ಟೆಲ್ ಇರಲಿ, ಅಲ್ಲಿ ದುಡಿಯುವವರನ್ನೆಲ್ಲ ಒಂದು ಕೋಣೆಯಲ್ಲಿ ಕೂಡಿಸಿ, ಗೋಡೆಗೆ ದೊಡ್ಡ ಕಾಗದ ಅಂಟಿಸಿ, ಆ ಸಂಸ್ಥೆ ಹೇಗೆ ನಡೆಯುತ್ತದೆ ಎಂಬ ಚಿತ್ರವನ್ನು ಅವರ ಕೈಯಿಂದಲೇ ಬರೆಸುವುದು. ಯಾರು ಯಾರಿಗೆ ಹೇಳುತ್ತಾರೆ, ಯಾವ ಕೆಲಸ ಯಾವುದಕ್ಕೆ ಕಾಯುತ್ತದೆ, ಎಲ್ಲಿ ಸಿಕ್ಕಿಬೀಳುತ್ತದೆ, ಎಲ್ಲವೂ ಚೀಟಿಗಳಲ್ಲಿ, ಬಾಣಗಳಲ್ಲಿ ಗೋಡೆಯ ಮೇಲೆ ಬರಬೇಕು.

"ಸಂಸ್ಥಾ ಅಂದ್ರ ಕಟ್ಟಡ ಅಲ್ಲವಾ ಉಜ್ವಲಾ," ಎಂದು ವಿದ್ಯಾವತಿ ಮೊದಲ ದಿನವೇ ಹೇಳಿದ್ದರು. "ಅಲ್ಲಿ ದುಡಿಯೋರ ತಲಿಯೊಳಗ ಒಂದೊಂದು ತುಕಡಿ ಇರ್ತದ. ಮಾಲಕಗ ಒಂದು ತುಕಡಿ, ಕಸಾ ಹೊಡಿಯಾಕಿಗಿ ಒಂದು ತುಕಡಿ. ಅವನ್ನೆಲ್ಲಾ ಕೂಡಿಸಿದ್ರ ಸಂಸ್ಥಾ ಕಾಣ್ತದ. ಆದ್ರ ಒಂದು ಮಾತು ನೆನಪಿಡು. ಪೆನ್ನು ಅವ್ರ ಕೈಯಾಗ ಇರ್ಬೇಕು, ನಾವು ಬರೇ ಕೇಳೋರು. ಆ ಜಾಗಾದಾಗ ನಮಗ ಬೇಕಾದವ್ರೂ ಇರಬಾರ್ದು, ಬ್ಯಾಡಾದವ್ರೂ ಇರಬಾರ್ದು."

ಉಜ್ವಲಾ ಆ ಕೆಲಸದಲ್ಲಿ ಪಳಗಿದಳು. ಬಾಯಿ ಬಿಡದವರನ್ನು ಮಾತಾಡಿಸುವುದು, ಬಾಯಿ ಮುಚ್ಚದವರನ್ನು ನಯವಾಗಿ ಕೂರಿಸುವುದು ಅವಳಿಗೆ ಸಲೀಸಾಯಿತು.

ಒಂದು ದಿನ ವಿದ್ಯಾವತಿ ಫೋನಿಟ್ಟು ಹೇಳಿದರು: "ಬಸವಕಲ್ಯಾಣದ ಕಡಿಂದ ಕರದಾರ. ಲಾರಿ ಬಾಡಿ ಕಟ್ಟೋ ಕಾರ್ಖಾನಿ. ಮೊಹಿನುದ್ದೀನ್ ಸೇಠ ಅಂತ ಇದ್ರಂತ, ತೀರಿಕೊಂಡಾರ. ಈಗ ಮಗಳು ಇಶ್ರತ್ ಬೇಗಂ ನಡಸಾಕತ್ಯಾರ. ದೊಡ್ಡ ಕಂಪನಿಯೋರ ಟ್ಯಾಂಕರ್ ಆರ್ಡರ್ ಬರೋದದ, ಆದ್ರ ಒಂದು ಗಾಡಿನೂ ಹೇಳಿದ ಟೈಮಿಗಿ ಹೊರಗ ಬೀಳವಲ್ಲದು ಅಂತಾರ. ನಿನ್ನ ಕಡೀ ಊರೇ ಅಲ್ಲೇನು?"

ಅದು ಅಪ್ಪನನ್ನು ಗೇಟಿನಲ್ಲಿ ನಿಲ್ಲಿಸಿದ ಕಾರ್ಖಾನೆಯೇ. ಆದರೂ ಉಜ್ವಲಾಳ ಧ್ವನಿ ಏರಲಿಲ್ಲ, ಇಳಿಯಲಿಲ್ಲ.

"ಹೌದ್ರಿ ಮೇಡಂ. ನಾ ಹೋಗ್ತೇನ್ರಿ."

ತನಗೆ ಅಲ್ಲಿ ಬೇಡವಾದವನೊಬ್ಬ ಇದ್ದಾನೆ ಎಂದು ಅವಳು ಹೇಳಲಿಲ್ಲ.

ಮಚ್ಚೇಂದ್ರ ಇನ್ನೂ ಅಲ್ಲೇ ಇದ್ದ. ಕೂದಲು ಹಣ್ಣಾಗಿತ್ತು, ಹೊಟ್ಟೆ ಬಂದಿತ್ತು. ನಿಲ್ಲುವ ಠೀವಿ ಮಾತ್ರ ಅದೇ, ಸೊಂಟದ ಮೇಲೆ ಕೈ. ಉಜ್ವಲಾಳನ್ನು ಅವನು ಗುರುತಿಸಲಿಲ್ಲ. ಗೇಟಿನಾಚೆ ನಿಂತ ಒಬ್ಬ ಹುಡುಗಿ ಅವನ ಕಣ್ಣಿಗೆ ಅಂದೂ ಬಿದ್ದಿರಲಿಲ್ಲ.

"ಬರ್ರಿ ಮೇಡಂ, ಬರ್ರಿ. ಏನೋ ಚಿತ್ರ ಬರಸ್ತೀರಂತಲ್ಲ. ನಮ್ಮ ಮಂದಿ ಪೆನ್ಸಿಲ್ ಹಿಡದೋರಲ್ರಿ, ಹಾತೋಡಿ, ಸುತ್ತಿಗಿ ಹಿಡದೋರು" ಎಂದು ನಕ್ಕ.

"ನೀವು ಇದ್ದೀರಲ್ರಿ ಸರ್, ನೀವು ಕಲಸ್ರಿ" ಎಂದು ಉಜ್ವಲಾ ಕೂಡ ನಕ್ಕಳು.

ಮಾಲೀಕಳಾದ ಇಶ್ರತ್ ಬೇಗಂ ನಲವತ್ತರ ಹೆಂಗಸು. ಬೆಂಕಿ ಬಿದ್ದ ಕಾಲಕ್ಕೆ ಹೈದರಾಬಾದಿನಲ್ಲಿ ಓದುತ್ತಿದ್ದವಳು. ಅಪ್ಪ ಬಿಟ್ಟುಹೋದ ಕಾರ್ಖಾನೆಯನ್ನು ಉಳಿಸಿಕೊಳ್ಳುವ ಹಟ ಅವಳಿಗಿತ್ತು. ಆದರೆ ಏನು ಕೇಳಿದರೂ "ಅದು ಮ್ಯಾನೇಜರ್ ಸಾಹೇಬ್ರಿಗಿ ಗೊತ್ರಿ" ಎಂಬ ಉತ್ತರವೇ ಬರುತ್ತಿತ್ತು.

ಮೊದಲ ದಿನ ದೊಡ್ಡ ಶೆಡ್ಡಿನ ಗೋಡೆಗೆ ಕಂದು ಕಾಗದ ಅಂಟಿಸಿ ಎಲ್ಲರನ್ನೂ ಕೂರಿಸಿದಳು. ಬಡಗಿಗಳು, ವೆಲ್ಡರ್‌ಗಳು, ಪೇಂಟರ್‌ಗಳು, ಸೀಟು ಹೊಲಿಯುವ ಹೆಂಗಸರು, ಸ್ಟೋರಿನ ಅಂಬರೀಷ. ಮಚ್ಚೇಂದ್ರ ಮುಂದಿನ ಸಾಲಿನಲ್ಲಿ ಕಾಲಮೇಲೆ ಕಾಲು ಹಾಕಿ ಕೂತ. ಹೀಗಾಗಿ ಗೋಡೆಯ ಮೇಲೆ ಬಂದ ಚಿತ್ರ ಕ್ಯಾಲೆಂಡರಿನ ಚಿತ್ರದಂತಿತ್ತು, ನುಣ್ಣಗೆ. ಎಲ್ಲ ಕೆಲಸ ಹೊತ್ತಿಗೆ ಸರಿಯಾಗಿ ಆಗುತ್ತದೆ, ಯಾರೂ ಯಾರಿಗೂ ಕಾಯುವುದಿಲ್ಲ, ಎಲ್ಲಿಯೂ ತೊಡಕಿಲ್ಲ. ಚೀಟಿ ಅಂಟಿಸುವ ಮುಂಚೆ ಪ್ರತಿಯೊಬ್ಬರೂ ಒಮ್ಮೆ ಮ್ಯಾನೇಜರನ ಮುಖ ನೋಡುತ್ತಿದ್ದರು. ಅವನು ತಲೆಯಾಡಿಸಿದ ಮೇಲೆ ಚೀಟಿ ಗೋಡೆಗೆ ಹೋಗುತ್ತಿತ್ತು.

ಎಲ್ಲರೂ ಎದ್ದು ಹೋದ ಮೇಲೆ ಮುದುಕನೊಬ್ಬ ಹಿಂದೆ ಉಳಿದ. ವೆಲ್ಡಿಂಗಿನ ಬೆಳಕಿಗೆ ಕಣ್ಣು ಕೆಂಪಾಗಿದ್ದವು. ಉಜ್ವಲಾ ಅವನನ್ನು ಬಂದ ಕೂಡಲೇ ಗುರುತಿಸಿದ್ದಳು.

"ಬೇಟಿ," ಎಂದ ಸಾಜಿದ, "ನೀ ವೈಜಿನಾಥನ ಮಗಳಲ್ಲ? ಗದ್ದ ಅವನದ ಅದ."

ಅವಳು ಕಾಗದ ಸುತ್ತುತ್ತಲೇ ಇದ್ದಳು.

"ನನಗಾಗಿ ಬಂದೀಯೇನವಾ?"

"ಇನ್ನಾ ಗೊತ್ತಿಲ್ಲ," ಎಂದಳು ಉಜ್ವಲಾ. "ಮೊದ್ಲು ಅಂವಗಾಗಿ ಬಂದೇನಿ. ಹೋಗಿ ಹೇಳ್ತೀರೇನು?"

ಸಾಜಿದ ನೆಲದಲ್ಲಿ ಬಿದ್ದಿದ್ದ ಒಂದು ಚೀಟಿ ಎತ್ತಿ ಅವಳ ಕೈಗೆ ಕೊಟ್ಟ. "ಒಮ್ಮಿ ಹೇಳಿ ನೋಡೇನಿ," ಎಂದ. "ಇನ್ನೊಮ್ಮಿ ಹೇಳಂಗಿಲ್ಲ."

ಮರುದಿನ ಉಜ್ವಲಾ ಇಶ್ರತ್ ಬೇಗಂಳ ಹತ್ತಿರ ಹೋಗಿ, ಎಲ್ಲರನ್ನೂ ಬೇರೆಬೇರೆ ಗುಂಪುಗಳಲ್ಲಿ ಕೂರಿಸಬೇಕೆಂದು ಕೇಳಿದಳು. ವೆಲ್ಡರ್‌ಗಳು ತಮ್ಮ ಕಾರ್ಖಾನೆಯನ್ನು ಬರೆಯಲಿ, ಹೊಲಿಯುವವರು ತಮ್ಮದನ್ನು, ಬಡಗಿಗಳು ತಮ್ಮದನ್ನು. ಮ್ಯಾನೇಜರ್ ಸಾಹೇಬರದ್ದು ದೊಡ್ಡ ಕೆಲಸ, ಅವರಿಗೆ ಪ್ರತ್ಯೇಕ ಕೋಣೆ. ಮಚ್ಚೇಂದ್ರನಿಗೆ ಈ ಮರ್ಯಾದೆ ಬಹಳ ಹಿಡಿಸಿತು.

ಸೀಟು ಹೊಲಿಯುವ ಹೆಂಗಸರ ಕೋಣೆಯಲ್ಲಿ ತಾಹೇರಾ ಎಂಬುವಳು ಮೊದಲು ಬಾಯಿ ಬಿಟ್ಟಳು. "ಅಳತಿ ನಮಗ ಮೊದ್ಲ ಕೊಡ್ತಾರ್ರಿ, ಕ್ಯಾಬಿನ್ ಆಮ್ಯಾಲ ಕಟ್ತಾರ. ಕ್ಯಾಬಿನ್ ಬದಲಾತು ಅಂದ್ರ ಹೊಲದದ್ದು ಬಿಚ್ಚು, ಮತ್ತ ಹೊಲಿ. ಬಡಿಗ್ಯಾರನ್ನ ಹೋಗಿ ಕೇಳೋಣ ಅಂದ್ರ ಆ ಕಡಿ ಕಾಲಿಡಂಗಿಲ್ಲ. ಎಲ್ಲಾ ಸಾಹೇಬ್ರ ಬಾಯಿಲೇ ಬರ್ಬೇಕು." ಬಡಗಿಗಳ ಕೋಣೆಯಲ್ಲಿ ಇದೇ ಮಾತಿನ ಇನ್ನೊಂದು ಮಗ್ಗುಲು ಬಂತು. ಸೀಟಿನ ಎತ್ತರ ತಿಳಿಯದೆ ಹಲಗೆ ಕೊಯ್ಯುವುದು, ಆಮೇಲೆ ಬೈಸಿಕೊಳ್ಳುವುದು. ನಡುವೆ ಒಂದೇ ಒಂದು ಗೋಡೆ ಇದ್ದರೂ ಇವರ ಕಷ್ಟ ಅವರಿಗೆ ಗೊತ್ತಿರಲಿಲ್ಲ, ಅವರದು ಇವರಿಗೆ ಗೊತ್ತಿರಲಿಲ್ಲ.

ಮಧ್ಯಾಹ್ನ ಉಜ್ವಲಾ ಮಚ್ಚೇಂದ್ರನ ಕೋಣೆಗೆ ಹೋದಳು. ಅವನು ಕಾಗದದ ನಟ್ಟನಡುವೆ ದೊಡ್ಡ ವೃತ್ತ ಬರೆದು ಅದರೊಳಗೆ ತನ್ನ ಹೆಸರು ಬರೆದಿದ್ದ. ಸುತ್ತಲೂ ಕಾರ್ಖಾನೆಯ ಒಂದೊಂದು ಕೆಲಸ. ಪ್ರತಿಯೊಂದಕ್ಕೂ ನಡುವಿನ ವೃತ್ತದಿಂದ ಒಂದು ಬಾಣ.

"ಭಾಳ ಚಲೋ ಬರದೀರಿ ಸರ್," ಎಂದಳು. ಸುಳ್ಳು ಸಾಕ್ಷಿ ಹೇಳಿದವನು ವೆಲ್ಡರ್, ಕಿಡಿ ಹಾರುವ ಕೆಲಸವೂ ಅವನದೇ ಎಂಬುದು ಅವಳ ತಲೆಯಲ್ಲಿತ್ತು. "ಒಂದು ಕೇಳ್ತೇನ್ರಿ. ಈ ವೆಲ್ಡರ್‌ದವರು ತಾವಾಗೇ ಎಲ್ಲರೆ ಹೋಗಿ ಕೆಲ್ಸಾ ಮಾಡೋದು, ಹಾಂಗೇನರ ಆಗ್ತದೇನ್ರಿ?"

"ಛೇ! ಹ್ಯಾಂಗ ಆಗ್ತದ್ರಿ? ನನ್ನ ಹುಕುಂ ಇಲ್ದ ಇಲ್ಲಿ ಒಂದು ಬೋಲ್ಟು ಸುದ್ದಾ ಅಲಗಾಡಂಗಿಲ್ಲ. ಇಂದಿಂದಲ್ಲ, ಸೇಠರ ಕಾಲದಿಂದ ಹಾಂಗೇ ಅದ."

"ಹಂಗಾದ್ರ ಅದನ್ನೂ ಬರದ ಬಿಡ್ರಿ ಸರ್. ಮಾಲಕರಿಗೂ ಗೊತ್ತಾಗ್ಲಿ, ನೀವು ಎಷ್ಟು ಹೊತಗೊಂಡೀರಿ ಅಂತ."

ಮಚ್ಚೇಂದ್ರ ಪೆನ್ನು ತೆಗೆದುಕೊಂಡು, ವೃತ್ತದ ಕೆಳಗೆ ದಪ್ಪ ಅಕ್ಷರಗಳಲ್ಲಿ ಬರೆದ: ನನ್ನ ಹುಕುಂ ಇಲ್ಲದೆ ಇಲ್ಲಿ ಯಾವುದೂ ನಡೆಯುವುದಿಲ್ಲ. ಅವನ ಕೈ ಬರೆಯುತ್ತಿದ್ದುದನ್ನು ಉಜ್ವಲಾ ಕಣ್ಣು ಕೀಲಿಸಿ ನೋಡಿದಳು. ಕುಣಿಕೆಯ ಹಗ್ಗವನ್ನು ಅವನೇ ಹೊಸೆಯುತ್ತಿದ್ದಾನೆ ಎನ್ನಿಸಿ ಅವಳ ಬಾಯಿ ಸಿಹಿಯಾಯಿತು.

ಮುಂದಿನ ವಾರ ಎಲ್ಲರೂ ಮತ್ತೆ ಒಟ್ಟಿಗೆ ಕೂತರು. ಇಶ್ರತ್ ಬೇಗಂ ಕೂಡ ಬಂದು ಕುರ್ಚಿ ಹಾಕಿಸಿಕೊಂಡು ಕೂತಳು. ಉಜ್ವಲಾ ಮಚ್ಚೇಂದ್ರನ ಕಾಗದವನ್ನು ಗೋಡೆಯ ನಡುವೆ ಅಂಟಿಸಿ, ಗುಂಪುಗಳ ಕಾಗದಗಳನ್ನು ಸುತ್ತ ಜೋಡಿಸಿದಳು. ಇದ್ದದ್ದು ಇದ್ದ ಹಾಗೆ. ಒಂದು ಗೆರೆಯನ್ನೂ ತನ್ನ ಕೈಯಿಂದ ಎಳೆಯಲಿಲ್ಲ. ತಾಹೇರಾಳ ಚೀಟಿ, ಬಡಗಿಗಳ ಚೀಟಿ ಪಕ್ಕಪಕ್ಕ ಬಂದಾಗ ಶೆಡ್ಡಿನಲ್ಲಿ ಗುಜುಗುಜು ಎದ್ದಿತು. "ಏ, ನಾವು ಬಿಚ್ಚೂದು ಇವ್ರ ಸಲುವಾಗಿ ಅಲ್ಲಂತ!" ಎಂದು ಯಾರೋ ನಕ್ಕರು. ಇಶ್ರತ್ ಬೇಗಂ ಎದ್ದು ಗೋಡೆಯ ಹತ್ತಿರ ಹೋಗಿ ಓದತೊಡಗಿದಳು.

"ಚಿತ್ರ ಆತು," ಎಂದಳು ಉಜ್ವಲಾ. "ಈಗ ಇದು ಖರೇ ಅದನೋ ಸುಳ್ಳೋ ಪರೀಕ್ಷಾ ಮಾಡ್ಬೇಕು. ಅದಕ್ಕ ಖರೇ ಆಗಿಹೋದ ಒಂದು ದಿನ ತಗೊಂಡು, ಅವತ್ತು ಯಾರು ಏನು ಮಾಡಿದ್ರು ಅನ್ನೋದನ್ನ ಈ ಬಾಣಗಳ ಮ್ಯಾಲ ನಡಸಿ ನೋಡ್ಬೇಕು."

ಯಾವ ದಿನ ಎಂಬುದನ್ನು ಕೂತವರೇ ಆರಿಸಬೇಕು. ವಿದ್ಯಾವತಿ ಕಲಿಸಿದ್ದು ಹಾಗೆ. ಉಜ್ವಲಾ ಅವರನ್ನು ಕೇಳಲಿಲ್ಲ.

"ಬಣ್ಣದ ಶೆಡ್ಡಿಗಿ ಬೆಂಕಿ ಬಿದ್ದ ದಿನ ತಗೊಳ್ಳೋಣ" ಎಂದಳು.

ಮಚ್ಚೇಂದ್ರ ಕಾಲು ಕೆಳಗಿಳಿಸಿದ. "ಅದೆಂದಿನ ಕಥಿ ಮೇಡಂ, ಅದು ಯಾಕ ಈಗ? ಒಬ್ಬ ಕುಡುಕ ಬೀಡಿ ಹಚ್ಚಿದ, ಆತು, ಮುಗೀತು."

ಅಪ್ಪ ಜನ್ಮದಲ್ಲಿ ಕುಡಿದವನಲ್ಲ. ಉಜ್ವಲಾ ಗೋಡೆಯ ಕಡೆ ಕೈ ತೋರಿಸಿದಳು. "ಅದಕ್ಕ ಚಲೋ ಉದಾಹರಣಿ ಅದ್ರಿ ಸರ್. ಎಲ್ಲಾರಿಗೂ ನೆನಪಿರ್ತದ" ಎಂದಳು.

"ನಡಸ್ರಿ," ಎಂದಳು ಇಶ್ರತ್ ಬೇಗಂ. "ನಮ್ಮ ಅಬ್ಬಾ ಸಾಯೋತನಕ ಆ ಗಾಡೀ ಮಾತ ಆಡ್ತಿದ್ರು. ನನಗೂ ತಿಳೀಲಿ."

ಉಜ್ವಲಾ ಒಂದೊಂದೇ ಕೇಳುತ್ತಾ ಹೋದಳು. ಅವತ್ತು ಬೆಳಿಗ್ಗೆ ಗಾಡಿ ಎಲ್ಲಿತ್ತು? ಬಣ್ಣ ಮುಗಿದು ಶೆಡ್ಡಿನಲ್ಲೇ ಇತ್ತು ಎಂದರು ಪೇಂಟರ್‌ಗಳು. ಹೊರಗೆ ಯಾಕೆ ತರಲಿಲ್ಲ? ಮಳೆ ಇತ್ತು, ಅಂಗಳದ ತುಂಬ ಕೆಸರು ಎಂದ ಅಂಬರೀಷ. ಗಾಡಿಯಲ್ಲಿ ಏನು ಕೆಲಸ ಬಾಕಿ ಇತ್ತು? ಹಿಂಬದಿಯ ಕೊಂಡಿ ಕಿತ್ತು ಬಂದಿತ್ತು ಎಂದ ಒಬ್ಬ ಹಳೆಯ ಬಡಗಿ, ಆ ಲಾರಿಯ ಮಾಲೀಕ ಗಾಡಿ ಒಯ್ಯಲು ಬಂದು ಆಫೀಸಿನಲ್ಲಿ ಕೂತಿದ್ದ. ಕೊಂಡಿ ಕೂಡಿಸಲು ಏನು ಬೇಕು? ವೆಲ್ಡಿಂಗ್.

ಆ ಮಾತು ಬಾಯಿಂದ ಬಿದ್ದ ಮೇಲೆ ಬಡಗಿ ತಾನೇ ಬೆಚ್ಚಿದ. ಅವನಿಗೆ ಗೊತ್ತಿದ್ದದ್ದು ಕೊಂಡಿ ಮಾತ್ರ. ಅಂಬರೀಷನಿಗೆ ಗೊತ್ತಿದ್ದದ್ದು ಮಳೆ ಮಾತ್ರ. ಇಷ್ಟು ವರ್ಷ ಆ ಎರಡನ್ನೂ ಯಾರೂ ಒಂದೇ ಕಡೆ ಇಟ್ಟು ನೋಡಿರಲಿಲ್ಲ.

"ವೆಲ್ಡಿಂಗ್ ಮಷೀನ್ ಶೆಡ್ಡಿನೊಳಗ ಒಯ್ದೋರು ಯಾರು?"

ಸಾಜಿದ ಎದ್ದು ನಿಂತ. ಮೊಣಕಾಲು ಹಿಡಿದುಕೊಂಡು, ಗೋಡೆಯವರೆಗೆ ನಡೆದು ಬಂದ. "ನಾ ಒಯ್ದೆ."

"ನೋಡ್ರಿ, ನೋಡ್ರಿ!" ಎಂದು ಮಚ್ಚೇಂದ್ರ ಎದ್ದ. "ತಾನೇ ಹೋಗ್ಯಾನ. ನನಗೇನ್ ಗೊತ್ತು?"

ಉಜ್ವಲಾ ಗೋಡೆಯ ನಡುವಿನ ಕಾಗದದ ಕಡೆ ತಿರುಗಿ ನಿಂತಳು ಅಷ್ಟೇ. ಓದು ಬಂದವರೆಲ್ಲ ಅವಳ ಜೊತೆ ಓದಿದರು. ಓದು ಬಾರದ ಒಬ್ಬ ಮುದುಕಿಗೆ ತಾಹೇರಾ ಜೋರಾಗಿ ಓದಿ ಹೇಳಿದಳು: "ನನ್ನ ಹುಕುಂ ಇಲ್ಲದೆ ಇಲ್ಲಿ ಯಾವುದೂ ನಡೆಯುವುದಿಲ್ಲ."

"ಇದು ನಿಮ್ಮ ಅಕ್ಷರನ ಅಲ್ರಿ?" ಎಂದಳು ಇಶ್ರತ್ ಬೇಗಂ.

"ಅದು... ಮಾತಿಗಿ ಬರದದ್ರಿ ಬೇಗಂ ಸಾಹೇಬಾ."

"ಹೋದ ವರ್ಷ ಕಣ್ಣಿಗಿ ಬೆಳಕಿಲ್ಲಂತ ನಾ ಮಷೀನ್ ಕಿಡಕಿ ಹಂತೇಕ ಸರಸಿದ್ದೆ," ಎಂದಳು ತಾಹೇರಾ. "ಯಾರ್ನ ಕೇಳಿ ಸರಸಿದಿ ಅಂತ ಎಲ್ಲಾರ ಮುಂದ ನನ್ನ ಕೈಲೇ ಹೊರಸಿ ಹೊಳ್ಳಿ ಮೊದಲಿನ ಜಾಗಾದಾಗ ಇಡಸಿದ್ರಿ. ಹೊಲಿಗಿ ಮಷೀನ್ ಸರಸಾಕ ಹುಕುಂ ಬೇಕು, ಥಿನ್ನರ್ ಮುಂದ ಬೆಂಕಿ ಹಚ್ಚಾಕ ಬ್ಯಾಡೇನು?"

ಸಾಜಿದ ಮಚ್ಚೇಂದ್ರನ ಕಡೆ ತಿರುಗಿದ. "ಹೊರಗ ತರೋಣ ಸಾಬ್ ಅಂದೆ. ಟೈಮಿಲ್ಲ, ಒಳಗೇ ಹೊಡಿ ಅಂದ್ರಿ. ವೈಜಿನಾಥ ಅಡ್ಡ ನಿಂತಿದ್ದ, ಡಬ್ಬಿ ಸರಸೂತನಕರೆ ತಡೀರಿ ಅಂದ. ಅವನ್ನ ನೂಕಿದ್ರಿ. ಆಮ್ಯಾಲ ನನಗ ಹೇಳಿದ್ರಿ, ಬೀಡಿ ಅಂತ ಹೇಳು, ಇಲ್ಲಂದ್ರ ಕಿಡಿ ನಿನ್ನ ಕೈದಾಗಿಂದ ಬಿದ್ದದ, ಜೇಲಿಗಿ ನೀ ಹೋಗ್ತಿ ಅಂತ. ನಾ ಹೇಳಿದೆ. ಅಲ್ಲಾ ನೋಡ್ಯಾನ, ನಾ ಹೇಳಿದೆ."

ಅವನು ಒಂದು ಕೆಂಪು ಚೀಟಿ ತೆಗೆದುಕೊಂಡು ನಡುವಿನ ವೃತ್ತದ ಮೇಲೆ ಅಂಟಿಸಿದ. ತೊಡಕಿರುವ ಕಡೆ ಕೆಂಪು ಚೀಟಿ ಹಚ್ಚಬೇಕೆಂದು ಉಜ್ವಲಾಳೇ ಹೇಳಿಕೊಟ್ಟಿದ್ದಳು. ತಾಹೇರಾ ಎದ್ದು ಇನ್ನೊಂದು ಅಂಟಿಸಿದಳು. ಆಮೇಲೆ ಬಡಗಿ. ಆಮೇಲೆ ಪೇಂಟರ್‌ಗಳು ಸಾಲಾಗಿ. ತಂಗಿಯ ಮದುವೆಗೆ ರಜೆ ಕೊಡದೆ ಕಾಲು ಹಿಡಿಸಿಕೊಂಡದ್ದು, ಹಬ್ಬದ ದಿನ ಗೇಟಿನಲ್ಲಿ ಕಾಯಿಸಿದ್ದು, ಎಲ್ಲರೆದುರು ತಾಯಿಯ ಹೆಸರೆತ್ತಿ ಬೈದದ್ದು. ಒಬ್ಬೊಬ್ಬರೂ ಹೇಳುತ್ತಾ ಅಂಟಿಸುತ್ತಾ ಹೋದರು. ಮಚ್ಚೇಂದ್ರನ ಹೆಸರು ಕಾಣದಂತೆ ಮುಚ್ಚಿಹೋಯಿತು. ಉಜ್ವಲಾ ತನ್ನೊಬ್ಬಳ ಸೇಡು ಹೊತ್ತುಕೊಂಡು ಬಂದಿದ್ದಳು. ಇಲ್ಲಿ ಇಷ್ಟು ಜನರ ಸೇಡು ಕಾದು ಕೂತಿದ್ದನ್ನು ಕಂಡು ಅವಳಿಗೆ ಒಂದು ಗಳಿಗೆ ಭಯವಾಯಿತು. ನಿಲ್ಲಿಸಬೇಕೆಂದು ಮಾತ್ರ ಅನ್ನಿಸಲಿಲ್ಲ.

ಮಚ್ಚೇಂದ್ರ ಅವಳ ಕಡೆ ತಿರುಗಿದ. "ನೀ ಯಾರು? ಯಾರು ಕಳಸ್ಯಾರ ನಿನ್ನ?"

"ನೀವು ಗೇಟಿನ್ಯಾಗ ನಿಲ್ಲಸಿದ್ರಲ್ಲ, ಆ ವೈಜಿನಾಥನ ಮಗಳು."

ಇಶ್ರತ್ ಬೇಗಂ ಅವತ್ತೇ ಕಾರ್ಖಾನೆಯ ಬೀಗದ ಕೈಗಳನ್ನು ಅವನಿಂದ ಇಸಿದುಕೊಂಡಳು. ಉಜ್ವಲಾಳನ್ನು ಒಳಗೆ ಕರೆದು, "ನಿಮ್ಮ ತಂದೀಗಿ ನಾವು ಏನು ಮಾಡಬೇಕು, ಹೇಳ್ರಿ" ಎಂದಳು.

"ನೀವೇನೂ ಮಾಡಬ್ಯಾಡ್ರಿ. ಅಂವ ಹುಮನಾಬಾದಿಗಿ ಬಂದು ನಮ್ಮಪ್ಪನ ಮುಂದ ನಿಂದ್ರಬೇಕು."

ಮಚ್ಚೇಂದ್ರ ಬರುವುದಿಲ್ಲ ಎಂದ. ಬರದಿದ್ದರೆ ಸಾಜಿದನ ಮಾತನ್ನು ಪೊಲೀಸರ ಮುಂದೆ ಹೇಳಿಸುವುದಾಗಿ ಇಶ್ರತ್ ಬೇಗಂ ಹೇಳಿದ ಮೇಲೆ ಒಪ್ಪಿದ. ಅವಳೇ ತನ್ನ ಕಾರಿನಲ್ಲಿ ಕರೆತಂದಳು.

ಅಂಗಡಿಯ ಮುಂದೆ ಲಾರಿಗಳು ನಿಂತಿದ್ದವು. ಡ್ರೈವರ್‌ಗಳು ಗೊಂಡೆ ಆರಿಸುತ್ತಿದ್ದರು. ಅಪ್ಪ ಏನು ಮಾಡುತ್ತಾನೋ ಎಂಬ ಅಳುಕು ಉಜ್ವಲಾಳಿಗೆ. ಕೂರಿಸಿ ಉಪಚಾರ ಮಾಡಿ, ಆದದ್ದಾಯಿತು ಬಿಡಪ್ಪ ಎಂದು ಕಳಿಸಿಬಿಟ್ಟರೆ? ಇಶ್ರತ್ ಬೇಗಂಳಿಗೆ ಗಯಾಬಾಯಿ ಸ್ಟೂಲು ಹಾಕಿದಳು, ಚಹಾ ತಂದಳು. ಮಚ್ಚೇಂದ್ರನಿಗೂ ಒಂದು ಕಪ್ಪು ತರಲು ತಿರುಗಿದವಳನ್ನು ವೈಜಿನಾಥ ತಡೆದ.

"ಅಂವಗ ಬ್ಯಾಡ."

ಉಜ್ವಲಾ ತಲೆಯೆತ್ತಿ ನೋಡಿದಳು. ಆ ಧ್ವನಿಯನ್ನು ಅವಳು ಈ ಮೊದಲು ಕೇಳಿರಲಿಲ್ಲ.

ಮಚ್ಚೇಂದ್ರ ನೆಲ ನೋಡುತ್ತ ಏನೋ ಗೊಣಗಿದ.

"ಕೇಳಸಲಿಲ್ಲ," ಎಂದ ವೈಜಿನಾಥ. "ಗಾಡಿಗೋಳ ಸಪ್ಪಳ ಭಾಳ ಅದ. ಜೋರಾಗಿ ಹೇಳು."

"ತಪ್ಪಾತು ವೈಜಿನಾಥ. ಬೆಂಕಿ ನನ್ನಿಂದ ಬಿತ್ತು. ನಿಂದೇನೂ ತಪ್ಪಿರಲಿಲ್ಲ."

"ಆ ಕಡೀ ಗಾಡಿ ಡ್ರೈವರಗ ಕೇಳಸಲಿಲ್ಲ."

ಮಚ್ಚೇಂದ್ರ ಮತ್ತೆ ಹೇಳಿದ. ಲಾರಿಯವರು ಗೊಂಡೆ ಕೈಬಿಟ್ಟು ಗುಂಪುಗೂಡಿದರು. ವೈಜಿನಾಥ ಇನ್ನೊಮ್ಮೆ ಹೇಳಿಸಿದ. ಆಮೇಲೆ ಅಂಗಿಯ ತೋಳು ಮೇಲೆತ್ತಿ, ಮುರುಟಿದ ಬಲಗೈಯನ್ನು ಅವನ ಮುಖದ ಮುಂದೆ ಹಿಡಿದ.

"ದಿನಾ ಇದನ್ನ ನೋಡೀನಿ. ನೋಡಿದಾಗೆಲ್ಲಾ ನಿನ್ನ ನೆನಸೀನಿ. ನಾ ಮರ್ತೀನಿ ಅಂತ ನನ್ನ ಹೇಣ್ತಿ, ಮಗಳು ತಿಳಕೊಂಡಿದ್ರು. ಒಂದು ದಿನಾನೂ ಮರ್ತಿಲ್ಲ."

ಮತ್ತೆ ಕೆಲಸಕ್ಕೆ ಬನ್ನಿ, ಪೇಂಟರ್‌ಗಳಿಗೆ ಹಿರಿಯರಾಗಿ ಕೂತರೆ ಸಾಕು ಎಂದು ಇಶ್ರತ್ ಬೇಗಂ ಕೇಳಿಕೊಂಡಳು. ವೈಜಿನಾಥ ಒಲ್ಲೆನೆಂದ. ಅವನಿಗೆ ಬೇಕಾಗಿದ್ದದ್ದು ಬೇರೆ. "ನನ್ನ ಹೆಸರು ಯಾವ ಯಾವ ಕಾರ್ಖಾನಿಯಾಗ ಕೆಡಸ್ಯಾನ, ಆ ಎಲ್ಲಾ ಕಾರ್ಖಾನಿ ಗೇಟಿನ್ಯಾಗ ನಿಂತು ಈಗ ಹೇಳಿದ್ದ ಹೇಳ್ಬೇಕು. ನಡಕೋತ ಹೋಗಿ."

ಮಚ್ಚೇಂದ್ರ ಹೆದ್ದಾರಿಗುಂಟ ನಡೆದ. ಇಶ್ರತ್ ಬೇಗಂಳ ಕಡೆಯವರು ಹಿಂದೆ ಇದ್ದರು. ಮೊದಲ ಗೇಟುಗಳಲ್ಲಿ ಜನ ಸುಮ್ಮನೆ ಕೇಳಿದರು. ಸುದ್ದಿ ಅವನಿಗಿಂತ ಮುಂದೆ ಓಡಿದ್ದರಿಂದ ಆಮೇಲಿನ ಗೇಟುಗಳಲ್ಲಿ ಶಿಳ್ಳೆ ಹಾಕಿದರು. ಉಜ್ವಲಾ ಪ್ರತಿ ಗೇಟಿಗೂ ಹೋಗಿ ಎದುರು ನಿಂತಳು. ಅವನು ಬೆವರಿ, ಧ್ವನಿ ಬಿದ್ದು, ಕೊನೆಗೆ ಒಂದು ಕಟ್ಟೆಯ ಮೇಲೆ ಕುಸಿದು ನೀರು ಕೇಳಿದಾಗ ಯಾರೋ ಕೊಟ್ಟರು. ಅವಳು ಕೊಡಲಿಲ್ಲ. ಅವನು ಆ ತಿಂಗಳೇ ಹೆಂಡತಿಯ ಊರಾದ ಮೋರಖಂಡಿಗೆ ಹೋಗಿ ಸೇರಿಕೊಂಡ.

ಸುದ್ದಿ ಕಲಬುರಗಿಗೂ ಮುಟ್ಟಿತು. ವಿದ್ಯಾವತಿ ಕರೆಸಿ ಕೇಳಿದರು. ಉಜ್ವಲಾ ಏನನ್ನೂ ಮುಚ್ಚಿಡಲಿಲ್ಲ.

"ಒಂದು ಗೆರಿನೂ ನಾ ಎಳದಿಲ್ರಿ ಮೇಡಂ. ಎಲ್ಲಾ ಅವ್ರೇ ಬರದದ್ದು."

"ಆ ದಿನ ಆರಿಸಿದಾಕಿ ನೀನು," ಎಂದರು ವಿದ್ಯಾವತಿ. "ಅವ್ರು ತಮ್ಮ ಕಾರ್ಖಾನಿ ನೋಡ್ಬೇಕಂತ ಬಂದು ಕುಂತಿದ್ರು. ನೀ ಅವ್ರನ್ನ ನಿನ್ನ ಅಂಗಳಕ್ಕ ಕರಕೊಂಡು ಹೋದಿ. ನಾಳಿ ಇನ್ನೊಂದು ಕಡಿ ಯಾರು ನಮ್ಮನ್ನ ನಂಬಿ ಬಾಯಿ ಬಿಡ್ತಾರ?"

"ಖರೇ ಅದ್ರಿ. ಆದ್ರ ನಾಳಿ ಹಾಂಗೇ ಆದ್ರೂ ನಾ ಅದೇ ದಿನಾ ಆರಿಸ್ತೀನ್ರಿ."

ವಿದ್ಯಾವತಿ ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. ಉಜ್ವಲಾ ಆ ಕೆಲಸ ಬಿಟ್ಟು ಹುಮನಾಬಾದಿಗೆ ಬಂದಳು. ಈಗ ಇಲ್ಲೊಂದು ಕಾಲೇಜಿನಲ್ಲಿ ಪಾಠ ಹೇಳುತ್ತಾಳೆ. ಕಲಬುರಗಿಯ ಆ ಕೆಲಸದ ಹಂಬಲ ಅವಳಿಗೆ ಹೋಗಿಲ್ಲ. ಬಸವಕಲ್ಯಾಣದ ಕಾರ್ಖಾನೆಯಲ್ಲಿ ಮಾತ್ರ ಬಡಗಿಗಳೂ ಸೀಟಿನವರೂ ಈಗ ಒಂದೇ ಶೆಡ್ಡಿನಲ್ಲಿ ಕೂತು ಅಳತೆ ಕೇಳಿಕೊಂಡು ಕೆಲಸ ಮಾಡುತ್ತಾರೆ, ಟ್ಯಾಂಕರುಗಳು ಹೊರಗೆ ಬೀಳುತ್ತಿವೆ ಎಂದು ತಾಹೇರಾ ಆಗಾಗ ಫೋನ್ ಮಾಡಿ ಹೇಳುತ್ತಾಳೆ.

ಮಚ್ಚೇಂದ್ರನ ಮುಖ ಉಜ್ವಲಾಳ ಮನಸ್ಸಿನಿಂದ ಇಳಿದುಹೋಗಿದೆ. ಅವಳಿಗೇ ಆಶ್ಚರ್ಯವಾಗುವಷ್ಟು ಬೇಗ ಇಳಿಯಿತು. ಇಳಿಯದೆ ಉಳಿದದ್ದು ಸಾಜಿದನದು. ಅವನು ಶುಕ್ರವಾರ ನಮಾಜು ಮುಗಿಸಿ ಬಸ್ಸು ಹತ್ತಿ ವೈಜಿನಾಥನ ಅಂಗಡಿಗೆ ಬರುತ್ತಾನೆ. ಇಬ್ಬರು ಮುದುಕರು ಹೋಗಿಬರುವ ಲಾರಿಗಳನ್ನು ನೋಡುತ್ತ, ಯಾವ ಬಾಡಿ ಯಾರ ಕೈಯದು ಎಂದು ವಾದ ಮಾಡುತ್ತ ಕೂರುತ್ತಾರೆ. ಅಪ್ಪ ನಗುತ್ತಾನೆ. ಉಜ್ವಲಾ ಸಾಜಿದನನ್ನು ಕಂಡರೆ ಒಳಗೆ ಹೋಗುತ್ತಾಳೆ.

"ಆ ಮುದಕಾ ಅಷ್ಟು ಮಂದೀ ಮುಂದ ಖರೇ ಹೇಳ್ಯಾನವಾ," ಎಂದಳು ಒಮ್ಮೆ ಗಯಾಬಾಯಿ. "ಒಂದು ಮಾತರೆ ಆಡು."

"ಅಪ್ಪ ಆಡ್ತಾನಲ್ಲ, ಸಾಕು," ಎಂದಳು ಉಜ್ವಲಾ. "ಜೊತಿ ಕುಂತು ಉಂಡಂವ ಅಂವ."